ಎಳೆ ತುಂಡಾದದ್ದು ಎಲ್ಲಿ?

ಹೊಳಲ್ಕೆರೆ ತಾಲ್ಲೂಕಿನ ಯಾವುದಾದರೂ ಹಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ, ಪಡಿತರ ಕೊಡುವ ದಿನ, ಅರ್ಧ ಗಂಟೆ ನಿಂತು ನೋಡಿ. ಚೀಲ ಹಿಡಿದ ಹೆಂಗಸರ ಸಾಲು ಬಾಗಿಲಿನಿಂದ ಬೇವಿನ ಮರದವರೆಗೆ ಇರುತ್ತದೆ. ಒಬ್ಬಾಕೆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು ಯಂತ್ರದ ಮೇಲೆ ಒತ್ತುತ್ತಾಳೆ. ಯಂತ್ರ ಯೋಚಿಸುತ್ತದೆ. ಯೋಚಿಸುತ್ತಲೇ ಇರುತ್ತದೆ. ಕೊನೆಗೆ ಅಂಗಡಿಯವರು ತಲೆ ಎತ್ತಿ ಹೇಳುವುದು ಒಂದೇ ಮಾತು: "ಸರ್ವರ್ ಇಲ್ಲಮ್ಮ, ಸಾಯಂಕಾಲ ಬನ್ನಿ."

ಆಕೆ ಖಾಲಿ ಚೀಲದೊಂದಿಗೆ ಮನೆಗೆ ಬಂದರೆ, ಜಗಲಿಯ ಮೇಲೆ ಪಿಯುಸಿ ಓದುವ ಮಗ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂಗಾಡುತ್ತಿರುತ್ತಾನೆ.

"ಏನೋ ಅದು, ಊರಿಗೆಲ್ಲ ಕೇಳ್ಸೋ ಹಂಗೆ?"

"ಸರ್ವರ್ ಡೌನ್ ಅಮ್ಮ! ಇನ್ನೊಂದೇ ನಿಮಿಷ ಇತ್ತು, ಗೆಲ್ತಿದ್ವಿ."

"ಒಳ್ಳೇದೇ ಆಯ್ತು ಬಿಡು. ಎದ್ದು ಓದ್ಕೋ ಹೋಗು."

ಮಗ ಬಾಗಿಲು ಬಡಿದು ಒಳಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ಅಂಗಡಿಯ ಮುಂದೆ ತಾನು ಕೇಳಿ ಬಂದ ಮಾತನ್ನೇ ಮಗನೂ ಹೇಳಿದ ಎಂಬುದು ಅಮ್ಮನಿಗೆ ಹೊಳೆಯುವುದಿಲ್ಲ. ಅಕ್ಕಿಗೂ ಆಟಕ್ಕೂ ಹೋಲಿಕೆ ಇಲ್ಲ, ನಿಜ. ಒಂದು ಹೊತ್ತಿನ ಊಟ, ಇನ್ನೊಂದು ಹೊತ್ತು ಕಳೆಯುವ ದಾರಿ. ಆದರೆ ಕೈಕೊಟ್ಟ ವ್ಯವಸ್ಥೆ ಒಂದೇ ಜಾತಿಯದು. ಇಬ್ಬರೂ ಕಾದದ್ದು ಕಣ್ಣಿಗೆ ಕಾಣದ, ಹೆಸರು ಗೊತ್ತಿಲ್ಲದ, ಬೈಯ್ದರೂ ಕೇಳಿಸದ ಯಾವುದೋ ಊರಿನ ಯಂತ್ರಕ್ಕೆ. ಸಿಟ್ಟು ಮಾತ್ರ ಹತ್ತಿರದಲ್ಲಿದ್ದವರ ಮೇಲೆ ಬೀಳುತ್ತದೆ. ಅಂಗಡಿಯ ಮುಂದೆ ಅಂಗಡಿಯವರ ಮೇಲೆ, ಮನೆಯಲ್ಲಿ ಅಮ್ಮನ ಮೇಲೆ.

ಪೋಷಕರು ಮೊದಲು ತಿಳಿಯಬೇಕಾದದ್ದು ಈ ಆಟ ನಡೆಯುವುದು ಎಲ್ಲಿ ಎಂಬುದನ್ನು. ಮಗನ ಕೈಯಲ್ಲಿರುವ ಮೊಬೈಲಿನಲ್ಲಿ ಎಂದು ಹಲವರು ತಿಳಿದಿದ್ದಾರೆ. ಅಲ್ಲಿ ಕಾಣುವುದು ಆಟದ ನೆರಳು ಮಾತ್ರ. ಹುಡುಗರ ಬಾಯಲ್ಲಿ ಸದಾ ಇರುವ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟವನ್ನೇ ತೆಗೆದುಕೊಳ್ಳಿ. ಅದರ ಪ್ರಸಿದ್ಧ ಪಂದ್ಯದಲ್ಲಿ 100 ಆಟಗಾರರವರೆಗೆ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ. ದ್ವೀಪ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಬಂದೂಕು ಹುಡುಕಿಕೊಂಡು, ಅಡಗಿಕೊಂಡು, ಒಬ್ಬರನ್ನೊಬ್ಬರು ಹೊಡೆದು, ಕೊನೆಗೆ ಉಳಿದ ತಂಡ ಗೆದ್ದಂತೆ. ನಾಲ್ವರ ತಂಡ ಕಟ್ಟಿಕೊಂಡು ಆಡುವುದೇ ಹೆಚ್ಚು. ಒಬ್ಬ ಹಿರಿಯೂರಿನಲ್ಲಿ, ಇನ್ನೊಬ್ಬ ಹೊಸದುರ್ಗದಲ್ಲಿ, ಮತ್ತಿಬ್ಬರು ದುರ್ಗದ ಹಾಸ್ಟೆಲಿನಲ್ಲಿ ಕೂತಿರಬಹುದು. ಒಂದು ಪಂದ್ಯ ಸುಮಾರು ಅರ್ಧ ಗಂಟೆ.

ಈ ನೂರು ಜನರ ನಡುವೆ ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು ಎಂದು ತೀರ್ಮಾನಿಸುವವರು ಒಬ್ಬರು ಬೇಕಲ್ಲ? ಆ ಅಂಪೈರನೇ ಸರ್ವರ್. ಅದು ಮುಂಬೈಯಲ್ಲೋ ಸಿಂಗಪುರದಲ್ಲೋ ಇನ್ನೆಲ್ಲೋ ತಣ್ಣನೆಯ ಕೋಣೆಯೊಂದರಲ್ಲಿ ಕೂತಿರುವ ಗಣಕ. ಹೊಸದುರ್ಗದ ಹುಡುಗ ಗುಂಡಿ ಒತ್ತಿದೊಡನೆ ಅವನ ಮೊಬೈಲು ಆ ಗಣಕಕ್ಕೆ ಒಂದು ಚೀಟಿ ಕಳಿಸುತ್ತದೆ: ಇಂಥ ಕ್ಷಣದಲ್ಲಿ, ಇಂಥ ಜಾಗದಿಂದ, ಇಂಥ ದಿಕ್ಕಿಗೆ ಹೊಡೆದ. ಗಣಕ ಎಲ್ಲರ ಚೀಟಿಗಳನ್ನೂ ಓದಿ ತೀರ್ಪು ಬರೆದು ವಾಪಸು ಕಳಿಸುತ್ತದೆ. ಸೆಕೆಂಡಿಗೆ ಹತ್ತಾರು ಸಲ ಈ ವ್ಯವಹಾರ ನಡೆಯುತ್ತದೆ. ಕಬಡ್ಡಿ ಅಂಕಣ ಹೊಸದುರ್ಗದಲ್ಲಿದ್ದು, ಅಂಪೈರು ಮುಂಬೈಯಲ್ಲಿ ಕೂತು ಟೆಲಿಫೋನಿನಲ್ಲಿ ಕೇಳಿಸಿಕೊಂಡು ಸೀಟಿ ಊದಿದಂತೆ.

ಚೀಟಿ ಹೋಗಿ ತೀರ್ಪು ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎಂದು ಹೆಸರು. ಪರದೆಯ ಮೂಲೆಯಲ್ಲಿ ಅದನ್ನು ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತೋರಿಸುತ್ತಾರೆ. ಹುಡುಗರು ಅದನ್ನು ಜ್ವರದ ಥರ್ಮಾಮೀಟರಿನಂತೆ ನೋಡುತ್ತಿರುತ್ತಾರೆ. ಇದರಲ್ಲಿ ಒಂದಿಷ್ಟು ಭೌತಶಾಸ್ತ್ರವೂ ಇದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಚಿತ್ರದುರ್ಗದಿಂದ ಕಾಗೆ ಹಾರಿದಂತೆ ನೇರ ಗೆರೆ ಎಳೆದರೆ ಮುಂಬೈ ಸುಮಾರು 650 ಕಿ.ಮೀ., ಸಿಂಗಪುರ ಸುಮಾರು 3,300 ಕಿ.ಮೀ. ಹೋಗಿ ಬರುವುದಕ್ಕೆ ಮುಂಬೈಗಾದರೆ ಆರೇಳು ಮಿಲಿಸೆಕೆಂಡು ಸಾಕು, ಸಿಂಗಪುರಕ್ಕೆ 33 ಬೇಕು. ಎಷ್ಟೇ ದುಡ್ಡು ಸುರಿದರೂ, ಎಂಥ ಮೊಬೈಲು ಕೊಂಡರೂ ಬೆಳಕನ್ನು ಇದಕ್ಕಿಂತ ಜೋರಾಗಿ ಓಡಿಸಲು ಬರುವುದಿಲ್ಲ. ವಾಸ್ತವದಲ್ಲಿ ಎಳೆ ನೇರವಾಗಿ ಹೋಗುವುದೂ ಇಲ್ಲ, ನಡುವೆ ಹತ್ತಾರು ಕಡೆ ನಿಂತು ದಾರಿ ಕೇಳಿಕೊಂಡು ಹೋಗಬೇಕು. ಹಾಗಾಗಿ ಪರದೆಯ ಅಂಕಿ ಈ ಲೆಕ್ಕಕ್ಕಿಂತ ಎಷ್ಟೋ ದೊಡ್ಡದಿರುತ್ತದೆ.

ತೀರ್ಪು ಬರುವ ತನಕ ಮೊಬೈಲು ಸುಮ್ಮನೆ ಕೂರುವುದಿಲ್ಲ. ಹೀಗಾಗಿರಬಹುದು ಎಂದು ಊಹಿಸಿ ಚಿತ್ರ ತೋರಿಸುತ್ತದೆ. ಊಹೆ ಸರಿಯಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಾಗಿದ್ದರೆ ಗೋಡೆಯ ಹಿಂದೆ ಅಡಗಿದ್ದವನು ಇದ್ದಕ್ಕಿದ್ದಂತೆ ಹತ್ತು ಹೆಜ್ಜೆ ಹಿಂದಕ್ಕೆ, ಬಟಾಬಯಲಿಗೆ, ಯಾರೋ ಅಂಗಿ ಹಿಡಿದು ಎಳೆದಂತೆ ಬಂದು ನಿಲ್ಲುತ್ತಾನೆ. ಮರುಕ್ಷಣ ಗುಂಡು ಬೀಳುತ್ತದೆ. "ನಾನು ಗೋಡೆ ಹಿಂದೆ ಇದ್ದೆ" ಎಂದು ಹುಡುಗ ಕೂಗುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಪರದೆಯಲ್ಲಿ ಗೋಡೆಯ ಹಿಂದೆಯೇ ಇದ್ದ. ಅಂಪೈರಿನ ಪುಸ್ತಕದಲ್ಲಿ ಇರಲಿಲ್ಲ.

ಇನ್ನು ಎಳೆ ಪೂರ್ತಿ ತುಂಡಾಗುವ ಸಂಗತಿ. ಪರದೆಯ ಮೇಲೆ ಕಾಣುವುದು ಗಿರಕಿ ಹೊಡೆಯುವ ಒಂದು ಚಕ್ರ ಮಾತ್ರ. ತುಂಡಾದ ಜಾಗ ಮನೆಯೊಳಗೂ ಇರಬಹುದು, ಅಮೆರಿಕದಲ್ಲೂ ಇರಬಹುದು. ಎಲ್ಲದಕ್ಕೂ ಹುಡುಗರು ಕೊಡುವ ಹೆಸರು ಒಂದೇ, ಸರ್ವರ್ ಡೌನ್.

ಎಷ್ಟೋ ಸಲ ಸರ್ವರಿಗೆ ಏನೂ ಆಗಿರುವುದಿಲ್ಲ. ಕರೆಂಟು ಹೋದಾಗ ಮನೆಯ ದೀಪ ಇನ್ವರ್ಟರಿನಲ್ಲಿ ಉರಿಯುತ್ತಿರುತ್ತದೆ, ಮೂಲೆಯ ರೂಟರಿಗೆ ಮಾತ್ರ ಆ ಭಾಗ್ಯ ಇರುವುದಿಲ್ಲ. ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ರಾತ್ರಿಯೆಲ್ಲ ತಿರುಗಿ ವಿದ್ಯುತ್ ಮಾಡುತ್ತಿದ್ದರೂ ಕೆಳಗಿನ ತೋಟದ ಮನೆಯಲ್ಲಿ ಕತ್ತಲೆ ಇರಬಹುದು ಎಂಬುದು ಬೇರೆ ಮಾತು. ಮೊಬೈಲ್ ಟವರಿಗೂ ಬ್ಯಾಟರಿ ಇರುತ್ತದೆ, ಅದಕ್ಕೂ ಒಂದು ಮಿತಿ ಇದೆ. ಸಂಜೆ ಏಳರಿಂದ ಹತ್ತರವರೆಗೆ ಊರಿನವರೆಲ್ಲ ಧಾರಾವಾಹಿ, ಕ್ರಿಕೆಟ್, ವಿಡಿಯೊ ಎಂದು ಅದೇ ಟವರಿಗೆ ಜೋತುಬಿದ್ದರೆ ಆಟದ ಚೀಟಿಗಳು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ವಿಡಿಯೊ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ವಿಡಿಯೊ ಸ್ವಲ್ಪ ಮುಂಚಿತವಾಗಿಯೇ ಬಂದು ಮೊಬೈಲಿನಲ್ಲಿ ಶೇಖರವಾಗಿರುತ್ತದೆ. ಆಟವನ್ನು ಹಾಗೆ ಮುಂಚಿತವಾಗಿ ತರಿಸಿಟ್ಟುಕೊಳ್ಳಲು ಬರುವುದಿಲ್ಲ, ಎದುರಾಳಿ ಮುಂದಿನ ಕ್ಷಣ ಏನು ಮಾಡುತ್ತಾನೋ ಯಾರಿಗೆ ಗೊತ್ತು? "ನಂಗೆ ಧಾರಾವಾಹಿ ಚೆನ್ನಾಗೇ ಬರ್ತಿದೆಯಲ್ಲ, ನಿಂದೊಂದೇ ಯಾಕೆ ನಿಲ್ಲುತ್ತೆ?" ಎಂಬ ಅಮ್ಮನ ಪ್ರಶ್ನೆಗೆ ಇದು ಉತ್ತರ.

ಊರು ದಾಟಿದರೆ ರಸ್ತೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗುತ್ತದೆ. ಲಾರಿಗಳು ಓಡುವ ಇಂಥ ರಸ್ತೆಗಳ ಮಗ್ಗುಲಲ್ಲೇ, ಮಣ್ಣಿನೊಳಗೆ, ಬೆಳಕು ಓಡುವ ಗಾಜಿನ ಎಳೆಗಳನ್ನು ಹೂಳುವುದು ವಾಡಿಕೆ. ರೈಲ್ವೆಯವರ ರೈಲ್‌ಟೆಲ್ ಸಂಸ್ಥೆ 2000ದಿಂದ ಹಳಿಗಳ ಪಕ್ಕದಲ್ಲೇ ಎಳೆ ಹಾಕುತ್ತ ಬಂದಿದೆ. ನೀರಿನ ಕೊಳವೆಗೋ ಚರಂಡಿಗೋ ಜೆಸಿಬಿ ಬಂದು ಒಂದು ಸಲ ಬಾಯಿ ಹಾಕಿದರೆ ಮುಗಿಯಿತು, ಒಂದು ತಾಲ್ಲೂಕಿಗೆ ತಾಲ್ಲೂಕೇ ಮೌನ. ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ಹೀಗೆ ಅಗೆದು ಕತ್ತರಿಸುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರ್ಕಾರವೇ ಹೇಳಿ, ಅಗೆಯುವ ಮುನ್ನ ಕೇಳಿ ಎಂಬ ಅರ್ಥದ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪನ್ನು 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿತು. ಎಳೆಯ ಎರಡು ತುದಿ ಹುಡುಕಿ, ಕೂದಲಿನಷ್ಟು ತೆಳ್ಳಗಿನ ಗಾಜನ್ನು ಕಾಯಿಸಿ ಬೆಸೆಯುವ ಕೆಲಸಗಾರ ರಸ್ತೆ ಬದಿಯ ಗುಂಡಿಯೊಳಗೆ ಕೂತು ಗಂಟೆಗಟ್ಟಲೆ ದುಡಿಯುತ್ತಾನೆ. ಆಟದ ಹುಡುಗರು ಅವನ ಮುಖ ನೋಡಿರುವುದಿಲ್ಲ.

ನಿಜವಾಗಿ ಸರ್ವರೇ ಮಲಗುವ ದಿನಗಳೂ ಬರುತ್ತವೆ. 2025ರ ಅಕ್ಟೋಬರ್ 20, ನರಕ ಚತುರ್ದಶಿ. ಶಾಲೆಗೆ ರಜೆ, ಎಣ್ಣೆನೀರಿನ ಸ್ನಾನ ಮುಗಿದಿದೆ, ಮಧ್ಯಾಹ್ನದ ಹೊತ್ತು. ರೋಬ್ಲಾಕ್ಸ್, ಫೋರ್ಟ್‌ನೈಟ್ ಆಟ ತೆರೆದವರಿಗೆ ಒಳಗೆ ಹೋಗಲಾಗಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಆಗ ನಡುರಾತ್ರಿ ಕಳೆದು ಮೂರು ಗಂಟೆಯ ಸಮಯ. ಅಮೆಜಾನ್ ಕಂಪನಿ ಅಲ್ಲಿ ಇಟ್ಟಿರುವ ಗಣಕಗಳನ್ನು ಜಗತ್ತಿನ ಸಾವಿರಾರು ಸಂಸ್ಥೆಗಳು ಬಾಡಿಗೆಗೆ ಪಡೆದಿವೆ. ಆ ಗಣಕಗಳಿಗೆ ವಿಳಾಸ ಬರೆದಿಡುವ ಕೆಲಸ ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ಅಂದು ಆ ಕೆಲಸ ಮಾಡುವ ಎರಡು ಪ್ರೋಗ್ರಾಮುಗಳು ಒಂದರ ಮೇಲೊಂದು ಬಿದ್ದವು. ಹಿಂದೆ ಬಿದ್ದಿದ್ದ ಒಂದು ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆಯಿತು, ಇನ್ನೊಂದು ಅದನ್ನು ಹಳೆಯದೆಂದು ಕಂಡು ಅಳಿಸಿಹಾಕಿತು. ಉಳಿದದ್ದು ಖಾಲಿ ಹಾಳೆ. ಗಣಕಗಳು ಚೆನ್ನಾಗಿಯೇ ಇದ್ದವು, ಅವುಗಳ ಮನೆ ನಂಬರು ಮಾತ್ರ ಯಾರಿಗೂ ಗೊತ್ತಿರಲಿಲ್ಲ! ಮೂಲ ದೋಷ ಸರಿಪಡಿಸಲು ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯಿತು, ಎಲ್ಲವೂ ಸಹಜವಾಗಲು ಸುಮಾರು 15 ಗಂಟೆ. ಆ ಹೊತ್ತಿನಲ್ಲಿ ಮೊಬೈಲು ಆರಿಸಿ ಹಚ್ಚಿದವರು, ಸಿಮ್ ತೆಗೆದು ಒರೆಸಿ ಹಾಕಿದವರು, ತಮ್ಮನೇ ಏನೋ ಒತ್ತಿ ಕೆಡಿಸಿದನೆಂದು ಅವನ ಬೆನ್ನಿಗೆ ಗುದ್ದಿದವರು ಎಷ್ಟು ಜನವೋ.

ರೋಬ್ಲಾಕ್ಸ್ ಇದಕ್ಕಿಂತ ದೊಡ್ಡ ನಿದ್ದೆಯನ್ನೂ ಮಾಡಿದೆ. 2021ರ ಅಕ್ಟೋಬರ್ ಕೊನೆಯಲ್ಲಿ ಅದು 73 ಗಂಟೆ ನಿಂತುಹೋಯಿತು. ಆಗ ದಿನಕ್ಕೆ ಸುಮಾರು 5 ಕೋಟಿ ಮಂದಿ ಆಡುತ್ತಿದ್ದ ಆಟ ಅದು. ಎಂಜಿನಿಯರುಗಳು ಮೂರು ಹಗಲು ಮೂರು ರಾತ್ರಿ ಹುಡುಕಿದರು. ಮೆಚ್ಚಬೇಕಾದ ಸಂಗತಿಯೆಂದರೆ ಕೆಲವು ತಿಂಗಳ ನಂತರ ಕಂಪನಿ ಏನೇನು ತಪ್ಪಿತು, ತಮ್ಮ ಯಾವ ಊಹೆ ಸುಳ್ಳಾಯಿತು ಎಂಬುದನ್ನೆಲ್ಲ ಉದ್ದಕ್ಕೆ ಬರೆದು ಪ್ರಕಟಿಸಿತು. ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಪಾಠ.

ಕೆಲವು ಸಲ ಯಾವುದೂ ಕೆಟ್ಟಿರುವುದಿಲ್ಲ, ಜನ ಹೆಚ್ಚಾಗಿರುತ್ತಾರೆ. ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಅಷ್ಟು ವರ್ಷ ಬರದ ನೀರು ಎಂದೋ ಒಂದು ದಿನ ಬಂದೀತು ಎಂದು ಕಟ್ಟಿದವರು ಕೋಡಿ ಬಿಟ್ಟಿದ್ದರು, ಹೆಚ್ಚಾದ ನೀರು ತನ್ನ ದಾರಿ ಹಿಡಿದು ಹೋಯಿತು, ಅಣೆಕಟ್ಟು ಉಳಿಯಿತು. ಸರ್ವರಿಗೆ ಇಂಥ ಕೋಡಿ ಇರುವುದಿಲ್ಲ. ಹೆಚ್ಚಾದ ಕೋರಿಕೆಗಳು ಒಳಗೇ ತುಂಬಿ ಎಲ್ಲರ ಕೆಲಸವನ್ನೂ ನಿಲ್ಲಿಸುತ್ತವೆ. 2016ರ ಜುಲೈನಲ್ಲಿ ಪೋಕೆಮಾನ್ ಗೋ ಆಟ ಹೊರಬಂದಾಗ ಜನಸಂದಣಿ ಮೊದಲು ಅಂದಾಜು ಮಾಡಿದ್ದರ 50 ಪಟ್ಟು ಬಂತು. ತೀರಾ ಕೆಟ್ಟ ಪರಿಸ್ಥಿತಿಗೆಂದು ಹಾಕಿಕೊಂಡಿದ್ದ ಲೆಕ್ಕ ಅಂದಾಜಿನ 5 ಪಟ್ಟು ಮಾತ್ರ. ದಿನಗಟ್ಟಲೆ ಆಟ ಬಿದ್ದು ಎದ್ದು ನಡೆಯಿತು.

ಅಮ್ಮಂದಿರು ಇದರದೇ ಇನ್ನೊಂದು ರೂಪವನ್ನು 2023ರ ಬೇಸಿಗೆಯ ನಂತರ ಕಂಡಿದ್ದಾರೆ. ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ. ಇಡೀ ರಾಜ್ಯದ ಮನೆಮನೆಯವರೂ ಒಂದೇ ವಾರ ಅರ್ಜಿ ಹಾಕಲು ಹೊರಟರೆ ಸರ್ವರು ಏನು ಮಾಡೀತು? ಗೃಹಲಕ್ಷ್ಮಿಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮೊಬೈಲಿಗೆ ಸಂದೇಶ ಕಳಿಸುವ ಕ್ರಮ ಮಾಡಿದ್ದು ಇದಕ್ಕಾಗಿಯೇ. ಆಟದವರು ಪರದೆಯ ಮೇಲೆ "ನಿಮ್ಮ ಮುಂದೆ ಇಷ್ಟು ಜನರಿದ್ದಾರೆ" ಎಂದು ತೋರಿಸುವುದೂ ಅದೇ ಚೀಟಿ ವ್ಯವಸ್ಥೆ. ಈವ್ ಆನ್‌ಲೈನ್ ಎಂಬ ಅಂತರಿಕ್ಷ ಯುದ್ಧದ ಆಟದವರು ಇನ್ನೂ ಚೆಂದದ ಉಪಾಯ ಹುಡುಕಿದರು. ಒಂದೇ ಕಡೆ ಜನ ಕಿಕ್ಕಿರಿದರೆ ಅಲ್ಲಿ ಕಾಲವನ್ನೇ ನಿಧಾನ ಮಾಡಿಬಿಡುತ್ತಾರೆ, ಹತ್ತರಲ್ಲಿ ಒಂದು ಪಾಲಿನ ವೇಗದವರೆಗೆ. 2014ರ ಜನವರಿಯಲ್ಲಿ ಅಲ್ಲಿ ನಡೆದ ಒಂದು ಮಹಾಯುದ್ಧ ಹೀಗೆ ತೆವಳುತ್ತ ಸುಮಾರು 21 ಗಂಟೆ ಸಾಗಿತು. ಬೇಸರವೇನೋ ಹೌದು, ಆದರೆ ಎಲ್ಲರಿಗೂ ಒಂದೇ ಬೇಸರ, ಯಾರಿಗೂ ಮೋಸವಿಲ್ಲ.

ಬೇಕೆಂದೇ ಜಾತ್ರೆ ಸೇರಿಸುವವರೂ ಇದ್ದಾರೆ. ಒನಕೆ ಓಬವ್ವನ ಕಿಂಡಿ ದುರ್ಗದ ಮಕ್ಕಳಿಗೆಲ್ಲ ಗೊತ್ತು. ಒಬ್ಬೊಬ್ಬನಾಗಿ ತೂರಿ ಬಂದ ಶತ್ರುವನ್ನು ಒಬ್ಬಾಕೆ ತಡೆದಳು. ಸರ್ವರಿನ ಕಿಂಡಿಗೆ ಬರುವ ಹಲ್ಲೆಕೋರರು ಹಾಗೆ ಬರುವುದಿಲ್ಲ. ಜಗತ್ತಿನ ನಾನಾ ಮೂಲೆಯ ಸಾವಿರಾರು ಗಣಕಗಳಿಂದ, ಒಟ್ಟಿಗೆ, ಗಿರಾಕಿಗಳ ವೇಷದಲ್ಲೇ ಬರುತ್ತಾರೆ. ಒನಕೆ ಎತ್ತಿದರೆ ನಿಜವಾದ ಗಿರಾಕಿಯ ತಲೆಗೇ ಬೀಳಬಹುದು. 2014ರ ಕ್ರಿಸ್‌ಮಸ್ ದಿನ, ಹೊಸ ಆಟದ ಯಂತ್ರ ಉಡುಗೊರೆ ಪಡೆದ ಮಕ್ಕಳು ಅದನ್ನು ಬಿಚ್ಚಿ ಕೂತಾಗ, ಕಿಡಿಗೇಡಿಗಳ ಗುಂಪೊಂದು ಸೋನಿ ಮತ್ತು ಮೈಕ್ರೋಸಾಫ್ಟ್ ಎರಡರ ಆಟದ ಜಾಲವನ್ನೂ ಹೀಗೆ ಕೆಡವಿತು. 2025ರ ಆರಂಭದಲ್ಲಿ ಕರ್ನಾಟಕದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಂಟಿ, ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದು ವಾಪಸಾದಾಗಲೂ ಸರ್ಕಾರ ಹೇಳಿದ ಕಾರಣ ಇದೇ ಬಗೆಯ ಹಲ್ಲೆ. ಜಮೀನು ಬರೆಸಲು ಹೋಗಿ ಕೈಬೀಸಿಕೊಂಡು ಬಂದ ಅಪ್ಪನಿಗೂ, ಆಟ ನಿಂತು ಮುಖ ಊದಿಸಿಕೊಂಡ ಮಗನಿಗೂ ಆ ರಾತ್ರಿ ಮಾತಾಡಲು ಒಂದು ವಿಷಯ ಸಿಗಬಹುದಿತ್ತು.

ಇಷ್ಟೆಲ್ಲ ಆದರೂ ಎಳೆ ಒಂದಲ್ಲ ಒಂದು ಹೊತ್ತಿಗೆ ಮತ್ತೆ ಕೂಡುತ್ತದೆ. ಕೂಡದೆಯೇ ಹೋದ ದಿನವೂ ಒಂದಿದೆ, ಇಂದಿನ ಕಾಲೇಜು ಹುಡುಗರು ಅದನ್ನು ಮರೆತಿಲ್ಲ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿತ್ತು. ಆನ್‌ಲೈನ್ ಪಾಠಕ್ಕೆಂದು ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಮೊಬೈಲ್ ಕೊಡಿಸಿದ್ದರು. ಪಾಠದ ಜೊತೆಗೆ ಪಬ್ಜಿಯೂ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್ಜಿ ಮೊಬೈಲ್ ಅದರಲ್ಲಿ ಒಂದು. ಮೊದಲೇ ಇಳಿಸಿಕೊಂಡಿದ್ದವರು ಇನ್ನೂ ಕೆಲವು ವಾರ ಆಡಿದರು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರ್ ಬಂದ್ ಆಯಿತು. ಆ ದಿನ ಎಷ್ಟು ಸಲ ಮೊಬೈಲ್ ಆರಿಸಿ ಹಚ್ಚಿದರೂ ಪ್ರಯೋಜನವಿರಲಿಲ್ಲ. ಎರಡು ವರ್ಷ ಕೂಡಿಟ್ಟ ದರ್ಜೆ, ದುಡ್ಡು ಕೊಟ್ಟು ಕೊಂಡ ಬಂದೂಕಿನ ಬಣ್ಣ, ಅಂಗಿ, ಶಿರಸ್ತ್ರಾಣ, ಎಲ್ಲ ಹೋಯಿತು.

ಪೋಷಕರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ಇಲ್ಲದ ಅಂಗಿಗೆ ದುಡ್ಡು ಕೊಟ್ಟು, ಅದು ಕಾಣದಾಯಿತೆಂದು ಅಳುವುದೇ? ಆದರೆ ಕೊಟ್ಟ ದುಡ್ಡು ನಿಜವಾದ ದುಡ್ಡು. ಅಪ್ಪನ ಖಾತೆಯಿಂದ, ಅನೇಕ ಸಲ ಅಪ್ಪನಿಗೆ ಗೊತ್ತಿಲ್ಲದೆ, ಹೋದ ದುಡ್ಡು. ಈ ಅಂಗಿ ಹುಡುಗನ ಮೊಬೈಲಿನಲ್ಲಿ ಇರುವುದಿಲ್ಲ, ಕಂಪನಿಯ ಗಣಕದಲ್ಲಿ ಅವನ ಹೆಸರಿನ ಮುಂದೆ ಬರೆದ ಒಂದು ಸಾಲು ಅದು. ಅಲ್ಲಿ ಸಾಲು ಅಳಿಸಿದರೆ ಇಲ್ಲಿ ಅಂಗಿ ಇಲ್ಲ. ಆಟ ತೆರೆಯುವಾಗ ಓದದೆ ಒತ್ತುವ "ಒಪ್ಪಿದೆ" ಎಂಬ ಗುಂಡಿಯ ಹಿಂದಿನ ಪುಟಗಟ್ಟಲೆ ಕರಾರಿನಲ್ಲಿ ಈ ವಸ್ತುಗಳು ಬಳಸಲು ಕೊಟ್ಟವು, ಮಾರಿದವಲ್ಲ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಾಡಿಗೆ ಮನೆಗೆ ಸುಣ್ಣ ಬಣ್ಣ ಬಳಿಸಿದಂತೆ.

2021ರ ಜುಲೈ 2ರಂದು ಅದೇ ಆಟ ಕೊರಿಯಾದ ಕ್ರಾಫ್ಟನ್ ಕಂಪನಿಯಿಂದ ಬಿಜಿಎಂಐ ಆಗಿ ಬಂದಾಗ ಹಳೆಯ ಖಾತೆಯ ಸಾಮಾನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟರು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿಯನ್ನೂ ಹಾಕಿದರು. ದಿನಕ್ಕೆ 7,000! ಚಿತ್ರದುರ್ಗ ಜಿಲ್ಲೆಯ ಎಷ್ಟೋ ಮನೆಗಳ ತಿಂಗಳ ಕಿರಾಣಿ ಅದರಲ್ಲಿ ಮುಗಿಯುತ್ತದೆ. 2022ರ ಜುಲೈ 28ರಂದು ಆ ಆಟವೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ಕೊನೆಯಲ್ಲಿ ಮತ್ತೆ ಬಂತು. ಅದೇ 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಕೂಡ ನಿಷೇಧದ ಪಟ್ಟಿಗೆ ಸೇರಿತ್ತು. ಹಣ ಪಣಕ್ಕಿಡುವ ಆಟಗಳ ಕಥೆ ಬೇರೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದ ಕಾಯ್ದೆ ನಿಲ್ಲಿಸಲು ಹೊರಟಿರುವುದು ಅವನ್ನು. ಮಗ ಆಡುವುದು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ಪೋಷಕರಿಗೆ ಐದು ನಿಮಿಷ ಸಾಕು.

ಇನ್ನು ಆ ಸಿಟ್ಟಿನ ವಿಷಯ. ನಲವತ್ತು ದಾಟಿದ ಅಪ್ಪಂದಿರು ತಮ್ಮ ಬಾಲ್ಯ ನೆನೆಯಲಿ. ದೂರದರ್ಶನದಲ್ಲಿ ಕ್ರಿಕೆಟ್, ಕೊನೆಯ ಓವರು, ಪರದೆಯ ಮೇಲೆ ಇದ್ದಕ್ಕಿದ್ದಂತೆ "ಅಡಚಣೆಗಾಗಿ ವಿಷಾದಿಸುತ್ತೇವೆ." ಇಲ್ಲವೇ ಬರೀ ಹುಳ ಹರಿದಾಟ. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಇನ್ನೊಬ್ಬ ಅಂಗಳದಲ್ಲಿ ನಿಂತು "ಬಂತು... ಬಂತು... ಹೋಯ್ತು!" ಎನ್ನುವುದು. ಟಿವಿಯ ತಲೆಗೆ ಹೊಡೆದ ಕೈ ಇಂದು ಮಗನ ಮೊಬೈಲು ಕಸಿಯುವ ಕೈಯೇ. ಆಗ ಹೊಡೆತ ತಿಂದ ಟಿವಿಯದೂ ತಪ್ಪಿರಲಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಟಿವಿ ನಿಂತರೂ ಅಲ್ಲಿ ಪಂದ್ಯ ನಡೆಯುತ್ತಿತ್ತು, ಆಡುವವರ ರನ್ನು ಕಡಿಮೆಯಾಗುತ್ತಿರಲಿಲ್ಲ. ಇಲ್ಲಿ ಹುಡುಗನೇ ಆಡುವವನು. ಅವನ ಎಳೆ ತುಂಡಾದರೆ ಅವನ ಬೊಂಬೆ ಬಯಲಿನಲ್ಲಿ ಕಲ್ಲಿನಂತೆ ನಿಲ್ಲುತ್ತದೆ, ಯಾರಾದರೂ ಬಂದು ಹೊಡೆದು ಹೋಗುತ್ತಾರೆ, ದರ್ಜೆ ಇಳಿಯುತ್ತದೆ, ಉಳಿದ ಮೂವರು "ಬಿಟ್ಟು ಓಡಿಹೋದ" ಎನ್ನುತ್ತಾರೆ. ಓಡಿಹೋಗಿಲ್ಲ ಎಂದು ಹೇಳಲು ಅವನಿಗೆ ದಾರಿ ಇಲ್ಲ, ಎಳೆ ತುಂಡಾಗಿದೆಯಲ್ಲ! ಇದೇ ಕೆಲಸವನ್ನು ಅಪ್ಪ ಅರ್ಧ ಆಟದಲ್ಲಿ ವೈಫೈ ಆರಿಸಿಯೂ ಮಾಡುತ್ತಾರೆ. ಆಟ ಬೇಡವೆಂದರೆ ಬೇಡವೇ ಇರಲಿ, ಆದರೆ ಶುರುವಾಗುವ ಮೊದಲೇ ಹೇಳಿದರೆ ಮೂವರ ಮುಂದೆ ಮಗನ ಮಾನ ಉಳಿಯುತ್ತದೆ. "ಈ ಪಂದ್ಯ ಮುಗಿದ ಮೇಲೆ ಊಟಕ್ಕೆ ಬಾ" ಎಂದರೆ ಅರ್ಧ ಗಂಟೆಗೆ ಮೀರಿದ ಲೆಕ್ಕವಲ್ಲ ಅದು.

ಆಟ ನಿಂತಾಗ ಕೂಗಿದ ಮಾತ್ರಕ್ಕೆ ಮಗನಿಗೆ ಚಟ ಹಿಡಿದಿದೆ ಎಂದು ಬೆದರಬೇಕಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಆಟದ ಗೀಳನ್ನು ಹೆಸರಿಸಿದೆ. ಅದರ ಲಕ್ಷಣ ಬೇರೆಯೇ: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಗೆಳೆತನಕ್ಕಿಂತ ಆಟವೇ ಮೊದಲಾಗುವುದು, ಹಾನಿಯಾಗುತ್ತಿದೆ ಎಂದು ಕಂಡರೂ ಮುಂದುವರಿಯುವುದು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬರಬೇಕು. ಸರ್ವರ್ ಸರಿಯಾಗುವ ತನಕ ರಾತ್ರಿ ಮೂರು ಗಂಟೆಗೂ ಎದ್ದು ಎದ್ದು ನೋಡುವವನು, ಊಟ ಬಿಟ್ಟು ಕಾಯುವವನು ಇದ್ದರೆ ಆಗ ಮಾತು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ವಿದ್ಯಾರ್ಥಿಗಳಿಗೂ ಒಂದೆರಡು ಕೆಲಸದ ಮಾತು. ಆಟ ನಿಂತಾಗ ಮೊದಲು ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ದೋಷ ಮನೆಯಲ್ಲಿ, ಟವರಿನಲ್ಲಿ ಅಥವಾ ದಾರಿಯಲ್ಲಿ. ತೆರೆದರೆ ಬೇರೆ ಊರಿನ ಗೆಳೆಯನಿಗೆ ಕರೆ ಮಾಡಿ ಕೇಳಿ. ಅವನದೂ ನಿಂತಿದ್ದರೆ ಸರ್ವರಿನದೇ ತಪ್ಪು, ಮೊಬೈಲು ಬದಿಗಿಟ್ಟು ಅಂಗಳಕ್ಕೆ ಹೋಗಬಹುದು. ದುಡ್ಡು ಕಟ್ಟಿ ಕೊಂಡ ವಸ್ತು ಬರದಿದ್ದರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಹಣ ಪಾವತಿಯ ಸಂಖ್ಯೆಯೊಂದಿಗೆ ಕಂಪನಿಗೆ ಬರೆಯಿರಿ. ಗೂಗಲ್ ಪ್ಲೇ ಮೂಲಕ ಕೊಂಡದ್ದಾದರೆ 48 ಗಂಟೆಯೊಳಗೆ ಹಣ ವಾಪಸಿಗೆ ಕೋರುವುದು ಲೇಸು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇದಕ್ಕೆಲ್ಲ ಖಾತೆ ಯಾರದೋ ಅವರಿಗೆ, ಎಂದರೆ ಅಪ್ಪನಿಗೆ, ಮೊದಲೇ ವಿಷಯ ಗೊತ್ತಿರಬೇಕು ಎಂಬುದನ್ನು ಹೇಳಬೇಕಿಲ್ಲ.

ಆ ಸಂಜೆ ಹೊಳಲ್ಕೆರೆ ಕಡೆಯ ಆ ಅಮ್ಮ ಮತ್ತೆ ಚೀಲ ಹಿಡಿದು ಹೊರಟರೆ, ಆಟ ನಿಂತು ಬೇರೆ ಕೆಲಸವಿಲ್ಲದ ಮಗನನ್ನೂ ಕರೆದುಕೊಂಡು ಹೋಗಬಹುದು. ಬೇವಿನ ಮರದಡಿ ಸಾಲು ಬೆಳಗಿನಷ್ಟೇ ಇರುತ್ತದೆ. ಅಂಗಡಿಯವರು ಯಂತ್ರವನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಪರೀಕ್ಷಿಸುತ್ತಿರುತ್ತಾರೆ.

"ಅಣ್ಣ, ಸಿಗ್ನಲ್ ಕಡ್ಡಿ ಎಷ್ಟು ತೋರಿಸ್ತಿದೆ?" ಎಂದು ಹುಡುಗ ಕೇಳುತ್ತಾನೆ.

"ಪೂರ್ತಿ ಇದೆಯಪ್ಪ."

"ಹಂಗಾದ್ರೆ ಇಲ್ಲಿದಲ್ಲ, ಮೇಲಿಂದೇ ನಿಂತಿದೆ. ಪಕ್ಕದೂರಿನ ಅಂಗಡಿಗೆ ಫೋನ್ ಮಾಡಿ ಕೇಳಿ ನೋಡಿ, ಅಲ್ಲೂ ಇಲ್ಲಾಂದ್ರೆ ಇವರನ್ನ ಸುಮ್ನೆ ನಿಲ್ಲಿಸೋದು ಬೇಡ."

ಅಂಗಡಿಯವರು ಫೋನ್ ತೆಗೆಯುತ್ತಾರೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಚೀಲ ಹಾಸಿಕೊಂಡು ಕೂರುತ್ತಾರೆ.